ನಾಲ್ಕನೇ ಚಿತ್ರದ ಕೆಂಪು ಚುಕ್ಕೆ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ಬೇರೇನೋ ಕೆಲಸ ನೆನಪಾಗಿ ಎದ್ದುಬಿಡುತ್ತಿದ್ದೆ. ಇವತ್ತು ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತಿದ್ದೇನೆ.

ಚನ್ನಗಿರಿಯಲ್ಲಿ ನನ್ನದು ಫೋಟೋ ಸ್ಟುಡಿಯೋ. ಎಸ್ಸೆಸ್ಸೆಲ್ಸಿ ಮುಗಿಸಿ ಈ ಕೆಲಸಕ್ಕೆ ಬಿದ್ದವನು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಸಿಡುಬಿನ ಕಲೆ, ಧೂಳಿನ ಚುಕ್ಕೆ ಮುಚ್ಚುವುದರಲ್ಲಿ ನನ್ನ ಕೈ ಪಳಗಿತ್ತು. ಈಗ ಅದನ್ನೇ ಕಂಪ್ಯೂಟರಿನಲ್ಲಿ ಮೌಸ್ ಹಿಡಿದು ಮಾಡುತ್ತೇನೆ. ಗಿರಾಕಿ ಕೇಳಲಿ ಬಿಡಲಿ, ಕಲೆ ತೆಗೆಯದೆ ಒಂದು ಫೋಟೋವನ್ನೂ ಹೊರಗೆ ಕಳಿಸಿದವನಲ್ಲ. ನ್ಯಾಮತಿಯ ಮದುವೆಯೊಂದರಲ್ಲಿ ಮದುಮಗಳ ಗಲ್ಲದ ಮಚ್ಚೆಯನ್ನೇ ಅಳಿಸಿಬಿಟ್ಟಿದ್ದೆ. ಆಲ್ಬಂ ತಿರುವಿದ ಅವಳ ಅತ್ತೆ, "ಏನ್ರೀ, ನಾವು ತಂದ ಸೊಸೆ ಒಬ್ಬಾಕಿ, ನೀವು ಕೊಟ್ಟ ಸೊಸೆ ಇನ್ನೊಬ್ಬಾಕಿ!" ಎಂದು ನಕ್ಕರು. ನಾನೂ ನಕ್ಕೆ. ಬುದ್ಧಿ ಬರಲಿಲ್ಲ.

ಜಗಳೂರಿಗೆ ಕೊಟ್ಟ ನನ್ನ ತಂಗಿಗೆ ಒಬ್ಬಳೇ ಮಗಳು. ಹೊನ್ನಾಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಜೊತೆಗೆ ಸಂಶೋಧನೆಯನ್ನೂ ಮಾಡುತ್ತಾಳೆ. ಅವಳು ಹುಡುಕುವುದು ಕ್ವೇಸಾರ್‌ಗಳನ್ನು. ದೈತ್ಯ ಕಪ್ಪುಕುಳಿಯೊಂದರ ಸುತ್ತ ಅನಿಲ ಕುದಿದು ಹೊಳೆಯುವ ಬೆಳಕು ಅದು. ಅವಳಿಗೆ ಬೇಕಾದದ್ದು ಎಲ್ಲಕ್ಕಿಂತ ದೂರದ್ದು, ಜಗತ್ತು ಇನ್ನೂ ಎಳೆಯದಾಗಿದ್ದಾಗ ಹೊರಟ ಬೆಳಕು. ಸಾವಿರಾರು ಚಿತ್ರ ಸೋಸಿದ ಮೇಲೆ, ಆಕಾಶದ ಒಂದು ಕಡೆ ಅಂಥದ್ದೊಂದು ಇರಬಹುದೆಂದು ಅವಳಿಗೆ ಅನುಮಾನ ಬಂದಿತ್ತು. ದೊಡ್ಡ ದೂರದರ್ಶಕದಲ್ಲಿ ಅದನ್ನು ಪರೀಕ್ಷಿಸಲು ಸಮಯ ಸಿಗಬೇಕಾದರೆ, ಮಾರ್ಗದರ್ಶಕರ ತಂಡದ ಸಭೆಯಲ್ಲಿ ಚಿತ್ರ ತೋರಿಸಿ ಒಪ್ಪಿಸಬೇಕಿತ್ತು.

ಸಭೆಯ ಹಿಂದಿನ ದಿನ ಪೆನ್‌ಡ್ರೈವ್ ಹಿಡಿದು ನನ್ನ ಅಂಗಡಿಗೆ ಬಂದಳು. "ಮಾವ, ದೊಡ್ಡದಾಗಿ ಒಂದು ಪ್ರಿಂಟ್ ಬೇಕು. ಹೆಂಗೈತೋ ಹಂಗೇ ಹಾಕ್ರಿ. ಏನೂ ಮುಟ್ಟಬ್ಯಾಡ್ರಿ" ಎಂದು ಹೇಳಿ ನಮ್ಮ ಮನೆಗೆ ಊಟಕ್ಕೆ ಹೋದಳು.

ಪರದೆಯ ಮೇಲೆ ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರ ಸಾಲಾಗಿದ್ದವು. ಮೊದಲ ಮೂರರಲ್ಲೂ ನಟ್ಟನಡುವೆ ಬರೀ ಕಪ್ಪು. ನಾಲ್ಕನೆಯದರಲ್ಲಿ ಮಾತ್ರ ಅಕ್ಕಿನುಚ್ಚಿನಷ್ಟು ಮಂಕು ಕೆಂಪು ಚುಕ್ಕೆ. ಒಂದೇ ಜಾಗದ ಮೂರು ಚಿತ್ರದಲ್ಲಿ ಇಲ್ಲದ್ದು ನಾಲ್ಕನೆಯದರಲ್ಲಿ ಕಂಡರೆ ಅದು ಧೂಳು. ನನ್ನ ಕಸುಬು ಕಲಿಸಿದ್ದೇ ಇದು. ಪಾಪ, ನಾಳೆ ದೊಡ್ಡವರ ಮುಂದೆ ನಿಲ್ಲುವ ಹುಡುಗಿ, ಕಲೆ ಇರುವ ಚಿತ್ರ ಹಿಡಿದು ಹೋಗುವುದೇ ಎಂದುಕೊಂಡೆ. ಅಳಿಸಿದೆ. ಅವಳ ಪೆನ್‌ಡ್ರೈವ್‌ನಲ್ಲೇ ಉಳಿಸಿ, ಪ್ರಿಂಟ್ ತೆಗೆದು, ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟೆ. ಬಸ್ಸಿಗೆ ಹೊತ್ತಾಗಿತ್ತು. ಬಿಚ್ಚಿ ನೋಡದೆ ಎತ್ತಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಅವಳ ಫೋನ್ ಬಂತು. "ಮಾವ, ನಾಲ್ಕನೇದ್ರಾಗಿದ್ದ ಚುಕ್ಕೆ ಇಲ್ಲ! ಅದೇ ನನ್ನ ಕ್ವೇಸಾರ್. ಪೆನ್‌ಡ್ರೈವ್‌ನಾಗೂ ಇಲ್ಲ, ಬ್ಯಾರೆ ಪ್ರತಿ ಇಟ್ಕೊಂಡಿಲ್ಲ. ನೀವು ಏನಾರ ಮುಟ್ಟಿದ್ರಾ?"

"ನಾನ್ಯಾಕೆ ಮುಟ್ಲವ್ವ? ನೀ ಕೊಟ್ಟಂಗೇ ತೆಗ್ದೀನಿ. ನೀನೇ ಬ್ಯಾರೆ ಫೈಲ್ ತಂದಿರಬೇಕು, ನೋಡ್ಕೋ."

"ಇರಬಹುದು ಮಾವ" ಎಂದಳು.

ದೂರದರ್ಶಕದಲ್ಲಿ ನೋಡಬೇಕಾದವುಗಳ ಪಟ್ಟಿಗೆ ಅವತ್ತಿನ ಸಭೆಯಲ್ಲಿ ಅವಳ ಚುಕ್ಕೆ ಸೇರಲಿಲ್ಲ. ಆ ನಾಲ್ಕು ಚಿತ್ರ ನಾಲ್ಕು ಬಣ್ಣದ ಬೆಳಕಿನಲ್ಲಿ ತೆಗೆದವು, ಕೊನೆಯದು ಕಡುಗೆಂಪಿನದು; ಅಷ್ಟು ದೂರದಿಂದ ಬರುವ ಬೆಳಕು ಹಿಗ್ಗಿ ಕೆಂಪಾಗುತ್ತದೆ, ನೀಲಿ ಕಡೆಯದ್ದು ದಾರಿಯಲ್ಲೇ ಅನಿಲದಲ್ಲಿ ಇಂಗಿಹೋಗುತ್ತದೆ, ಅದಕ್ಕೇ ಕೊನೆಯ ಚಿತ್ರದಲ್ಲಿ ಮಾತ್ರ ಕಾಣುತ್ತದೆ ಎಂದು ಆಮೇಲೆ ಅವಳೇ ಹೇಳಿದಳು. ನಾನು ಧೂಳೆಂದು ತಿಳಿಯಲು ಇದ್ದ ಕಾರಣವೇ ಅದು ಕ್ವೇಸಾರ್ ಇರಬಹುದು ಎನ್ನುವುದಕ್ಕೆ ಗುರುತಾಗಿತ್ತು. ಹೂಂ ಹೂಂ ಎಂದು ಕೇಳಿಸಿಕೊಂಡೆ.

ಅಂದಿನಿಂದ ಅವಳ ಫೋನ್ ಬಂದರೆ ಸಾಕು, ಗೊತ್ತಾಯಿತೇನೋ ಎಂದು ಎತ್ತಲು ಹಿಂದೆಮುಂದೆ ನೋಡುತ್ತಿದ್ದೆ. ಬಾರದಿದ್ದರೆ ಇನ್ನೂ ಕಷ್ಟ. ಗಿರಾಕಿಗಳ ಫೋಟೋದಲ್ಲಿ ಕಲೆ ಕಂಡರೆ ಮೌಸ್ ಹಿಡಿದ ಕೈ ನಿಂತುಬಿಡುತ್ತಿತ್ತು. "ಈಗೀಗ ಒಂದೊಂದು ಚಿತ್ರಾನೂ ಹತ್ತು ಸಲ ತೆಗೆದು ನೋಡ್ತಾಳಂತೆ. ಏನು ಹುಚ್ಚೋ" ಎಂದು ತಂಗಿ ಹೇಳಿದಾಗ ನಾನು ಮಳೆಯ ವಿಷಯ ತೆಗೆದೆ.

ಕಳೆದ ತಿಂಗಳು ಮಧ್ಯಾಹ್ನ ಮತ್ತೆ ಬಂದಳು. ಹೊಸ ಜಾಗ, ಹೊಸ ಚಿತ್ರ. ಪೆನ್‌ಡ್ರೈವ್ ಕೈಗೆ ಕೊಡದೆ ತಾನೇ ಸಿಕ್ಕಿಸಿ, ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತಳು.

"ಮಾವ, ನಾಲ್ಕನೇದ್ರಾಗೆ ಚುಕ್ಕೆ ಐತಾ ಇಲ್ವಾ, ನೀವೇ ನೋಡಿ ಹೇಳ್ರಿ. ನನ್ನ ಕಣ್ಣು ನಂಬಾಕೆ ಆಗ್ತಿಲ್ಲ. ಈ ಸಲಾನೂ ಎಡವಟ್ಟಾದ್ರೆ ಈ ಹುಡುಕಾಟ ಬಿಟ್ಟು ಪಾಠ ಮಾಡ್ಕೊಂಡಿರ್ತೀನಿ."

ನೋಡಿದೆ. "ಐತೆ."

"ಖರೇನಾ?"

"ಐತವ್ವ. ಆ ಸಲಾನೂ ಇತ್ತು."

ಅವಳು ಪರದೆಯಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. "ಅದು ನಿಮಗೆ ಹೆಂಗೆ ಗೊತ್ತು?"

"ನಾನೇ ಅಳಿಸಿದ್ದೆ. ಧೂಳು ಅನ್ಕೊಂಡೆ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. "ಕಣ್ಣಿನ ಡಾಕ್ಟ್ರ ಹತ್ರಾನೂ ಹೋಗಿ ಬಂದೆ ನಾನು" ಎಂದಷ್ಟೇ ಹೇಳಿ ಪೆನ್‌ಡ್ರೈವ್ ಕಿತ್ತುಕೊಂಡಳು. "ಪ್ರಿಂಟ್ ಹೊನ್ನಾಳ್ಯಾಗೇ ಹಾಕಿಸ್ತೀನಿ. ಬರ್ತೀನ್ರಿ." ಮಾವ ಎನ್ನಲಿಲ್ಲ. ಅಂಗಡಿಯವನಿಗೆ ಹೇಳುವಂತೆ ಹೇಳಿದಳು.

ಬಸ್ ಸ್ಟ್ಯಾಂಡಿನ ತನಕ ಹಿಂದೆಯೇ ಹೋದೆ. ತಪ್ಪಾಯಿತು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಕಿಟಕಿಯ ಹತ್ತಿರ ನಿಂತು, "ಊಟ ಆಗೈತೇನವ್ವ?" ಎಂದು ಕೇಳಿದೆ. ತಲೆ ಆಡಿಸಿದಳು. ಬಸ್ಸು ಹೊರಟಿತು.

ಹುಡುಕಾಟ ಬಿಟ್ಟಿಲ್ಲ, ಚಿತ್ರ ತೋರಿಸಿ ಬಂದಿದ್ದಾಳೆ, ಉತ್ತರಕ್ಕೆ ಕಾಯುತ್ತಿದ್ದಾಳೆ ಎಂದು ತಂಗಿ ಹೇಳಿದಳು. ನನಗೆ ಫೋನ್ ಬಂದಿಲ್ಲ. ನಾನೂ ಮಾಡಿಲ್ಲ. ಮಾಡಿದ್ದನ್ನು ಒಪ್ಪಿಕೊಂಡೆ, ಕ್ಷಮೆ ಕೇಳಲಿಲ್ಲ. ಕೇಳಬೇಕಾದದ್ದು ದೇವರನ್ನಲ್ಲ, ಓದುವ ನಿಮ್ಮನ್ನೂ ಅಲ್ಲ. ನನ್ನ ಮಾತು ನಂಬಿ ತನ್ನ ಕಣ್ಣನ್ನೇ ಅನುಮಾನಿಸಿದವಳನ್ನು, ನನ್ನ ತಂಗಿಯ ಮಗಳನ್ನು.