ಮುಂದಿನ ಸಾಲು ಓದದ ನೀಲಮ್ಮ

ಬೆಳಗಿನ ಚಹಾ ಕುಡಿಯುವ ಮುಂಚೆ ನೀಲಮ್ಮ ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟಳೆಂದರೆ ಡೆಟ್ರಾಯಿಟ್ಟಿನ ಆ ಪುಟ್ಟ ಮನೆಯಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ. ಗಂಡ ಸಮಾಧಾನಪ್ಪ ಬೂಟಿನ ಲೇಸು ಅರ್ಧ ಕಟ್ಟಿದ್ದರೆ ಅರ್ಧಕ್ಕೇ ಕೈ ನಿಲ್ಲಿಸುತ್ತಿದ್ದ. ಬೆರಳು ಯಾವ ವಚನದ ಮೇಲೆ ಬೀಳುತ್ತದೋ ಅದೇ ಆ ದಿನದ ಅಪ್ಪಣೆ. ಒಳ್ಳೆಯದು ಬಂದರೆ ಎಲ್ಲರೂ ಹೊರಗೆ ಹೊರಡಬಹುದು. ಕೆಟ್ಟದ್ದು ಬಂದರೆ ಅವಳ ಮುಖ ನೋಡಿದವರ ತಿಂಡಿ ತಟ್ಟೆಯಲ್ಲೇ ಉಳಿಯುತ್ತಿತ್ತು.

ಇದೇನು ಅವಳೇ ಹುಟ್ಟುಹಾಕಿದ್ದಲ್ಲ. ಗದಗಿನ ಪಕ್ಕದ ಬೆಟಗೇರಿಯಲ್ಲಿ, ಮಿಷನ್ ಕಾಲದಿಂದ ಕ್ರೈಸ್ತರಾಗಿದ್ದ ನೇಕಾರರ ಓಣಿಯಲ್ಲಿ, ಹೊಸ ವರ್ಷದ ಆರಾಧನೆ ಮುಗಿದ ಮೇಲೆ ಪಾದ್ರಿಗಳು ಒಂದು ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಅದರ ತುಂಬ ಬೈಬಲ್ಲಿನ ವಾಗ್ದಾನಗಳನ್ನು ಬರೆದು ಸುರುಳಿ ಸುತ್ತಿದ ಚೀಟಿಗಳು. ಒಬ್ಬೊಬ್ಬರೂ ಒಂದೊಂದು ಎತ್ತಬೇಕು, ವರ್ಷವಿಡೀ ಆ ಮಾತನ್ನು ನೆನೆಯಬೇಕು. ಡಬ್ಬಿಗೆ ಹಾಕುವಾಗ ಪಾದ್ರಿಗಳು ಸಮಾಧಾನದ ಮಾತುಗಳನ್ನಷ್ಟೇ ಆರಿಸಿ ಹಾಕುತ್ತಿದ್ದರು ಎಂಬುದು ಚಿಕ್ಕ ನೀಲಮ್ಮನಿಗೆ ಹೊಳೆದಿರಲಿಲ್ಲ. ದೊಡ್ಡವಳಾದ ಮೇಲೂ ಹೊಳೆಯಲಿಲ್ಲ. 1969ರಲ್ಲಿ ನರ್ಸ್ ಕೆಲಸ ಸಿಕ್ಕು ಅಮೆರಿಕಕ್ಕೆ ಬಂದಾಗ ಇಲ್ಲಿ ಡಬ್ಬಿಯೂ ಇಲ್ಲ, ಓಣಿಯೂ ಇಲ್ಲ. ಅವ್ವ ಕೊಟ್ಟ ಬೈಬಲ್ ಮಾತ್ರ ಇತ್ತು. ಅದರೊಳಗೇ ಬೆರಳಿಟ್ಟಳು. ಅದರೊಳಗೆ ಯುದ್ಧ, ಶಾಪ, ಬರಗಾಲ, ಸಾವು ಎಲ್ಲ ಇವೆ. ಜರಡಿ ಹಿಡಿದು ಕೊಡುವವರು ಯಾರೂ ಇರಲಿಲ್ಲ.

ಮೊದಲು ವರ್ಷಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆ ಆಯಿತು, ಆಮೇಲೆ ವಾರಕ್ಕೊಮ್ಮೆ. 1971ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ರಕ್ತದ ಮಾತಿನ ಮೇಲೆ ಬೆರಳು ಬಿತ್ತು. ಕೆಲಸಕ್ಕೆ ಹೋಗಬೇಡಿ ಎಂದು ಗಂಡನ ಕಾಲು ಹಿಡಿದಳು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಅವನ ಕೆಲಸ. ಹಾಳಾಗಿ ಹೋಗಲಿ ಎಂದು ಅವನು ರಜೆ ಹಾಕಿದ. ಅಂದು ಅವನ ಜಾಗದಲ್ಲಿ ನಿಂತವನ ಮೂರು ಬೆರಳು ತಗಡು ಒತ್ತುವ ಪ್ರೆಸ್ಸಿನ ಕೆಳಗೆ ಹೋದವು. ಅಲ್ಲಿಗೆ ಮುಗಿಯಿತು. ಅಂದಿನಿಂದ ಯಾವ ಬಸ್ಸು ಹತ್ತಬೇಕು, ಮಗಳನ್ನು ಶಾಲೆಗೆ ಕಳಿಸಬೇಕೋ ಬೇಡವೋ, ಬಾಗಿಲು ತಟ್ಟಿದವರಿಗೆ ತೆರೆಯಬೇಕೋ ಬೇಡವೋ, ಎಲ್ಲಕ್ಕೂ ಬೆರಳು. ಅದಕ್ಕೊಂದು ಕಟ್ಟಳೆಯನ್ನೂ ಮಾಡಿಕೊಂಡಿದ್ದಳು: ಬೆರಳು ಬಿದ್ದ ಒಂದೇ ವಚನ ಓದಬೇಕು. ಹಿಂದಿನದು ಮುಂದಿನದು ನೋಡಿದರೆ ದೇವರ ಮಾತಿಗೆ ಚೌಕಾಸಿ ಮಾಡಿದ ಹಾಗೆ. ಎಷ್ಟೋ ಸಲ ಬಿಟ್ಟುಬಿಡಬೇಕೆಂದು ಪ್ರಾರ್ಥಿಸಿದ್ದಳು. ಆದರೆ ಬಿಡಬಹುದೇ ಎಂದು ಕೇಳಲೂ ಮತ್ತೆ ಬೆರಳೇ ಇಡುತ್ತಿದ್ದಳು, ಪಾಪ.

1973ರ ಅಕ್ಟೋಬರಿನಲ್ಲಿ ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಒಂದು ಗಂಟು ಕೈಗೆ ಸಿಕ್ಕಿತು. ಹುರಿಗಡಲೆಯಷ್ಟು. ಒತ್ತಿದರೆ ನೋವಿಲ್ಲ, ಜಾರುವುದೂ ಇಲ್ಲ. ಆಸ್ಪತ್ರೆಯಲ್ಲಿ ಅಂಥ ಹೆಂಗಸರಿಗೇ ಡ್ರೆಸಿಂಗ್ ಮಾಡುತ್ತಿದ್ದವಳು ಅವಳು. ಗೊತ್ತಾಗದೆ ಇರುತ್ತದೆಯೆ? ಒದ್ದೆ ಕೂದಲಲ್ಲೇ ಬಂದು ಕುಳಿತು ಕಣ್ಣು ಮುಚ್ಚಿ ಬೆರಳಿಟ್ಟಳು. ಪ್ರವಾದಿ ಯೆಶಾಯನ ಪುಟ ಬಂತು. ನೀನು ಬದುಕುವುದಿಲ್ಲ, ಸಾಯುತ್ತೀ, ಮನೆಯ ವ್ಯವಸ್ಥೆ ಮಾಡಿಕೋ ಎಂದು ಆ ಪ್ರವಾದಿ ಹುಣ್ಣೆದ್ದು ಮಲಗಿದ ರಾಜನೊಬ್ಬನಿಗೆ ಹೇಳುವ ಮಾತು. ನೀಲಮ್ಮ ಪುಸ್ತಕ ಮುಚ್ಚಿದಳು. ಅತ್ತಿದ್ದರೆ ಚೆನ್ನಾಗಿತ್ತು. ಅಳಲಿಲ್ಲ, ಮನೆಯ ವ್ಯವಸ್ಥೆಗೆ ಎದ್ದಳು.

ಅಡುಗೆಮನೆಯ ಡಬ್ಬಿಗಳಿಗೆಲ್ಲ ಕನ್ನಡದಲ್ಲಿ ಚೀಟಿ ಅಂಟಿಸಿದಳು. ಗಂಡನನ್ನು ಒಲೆಯ ಮುಂದೆ ನಿಲ್ಲಿಸಿ ಸಾರು, ಪಲ್ಯ ಕಲಿಸತೊಡಗಿದಳು. ಅವನಿಗೆ ತಮಾಷೆ. "ನನಗ ಅಡಿಗಿ ಕಲಿಸಿ ನೀ ಮಹಾರಾಣಿಯಂಗ ಕುಂದರಬೇಕಂತ ಮಾಡೀಯೇನ?" ಎಂದು ನಗುತ್ತಿದ್ದ. ಅವಳು ನಗುತ್ತಿರಲಿಲ್ಲ. ಆಮೇಲೆ ನೀಲಿ ಹೂವಿನ ಬಟ್ಟೆ ತಂದು ಮಗಳು ರೇಣುವಿಗೆ ಫ್ರಾಕು ಹೊಲಿಯಲು ಕುಳಿತಳು. ರೇಣುವಿಗೆ ಆಗ ಆರು ವರ್ಷ. ಏಳಕ್ಕೊಂದು, ಎಂಟಕ್ಕೊಂದು, ಹಾಗೆ ವರ್ಷಕ್ಕೊಂದರಂತೆ ಹೊಲಿಯುತ್ತ ಹೋಗಿ ಹನ್ನೆರಡಕ್ಕೆ ಬಟ್ಟೆ ಮುಗಿಯಿತು. ಮಗು ಕೊನೆಯದನ್ನು ಮೈಗೆ ಹಿಡಿದುಕೊಂಡು, ನೆಲ ಗುಡಿಸುವ ಅಂಚನ್ನು ನೋಡಿ, "ಅವ್ವಾ, ದಿಸ್ ಈಸ್ ಟೂ ಬಿಗ್!" ಎಂದು ನಕ್ಕಿತು. ಚಳಿಗಾಲ ಬಂತು. ಅರಬ್ ದೇಶಗಳು ಎಣ್ಣೆ ನಿಲ್ಲಿಸಿ ಪೆಟ್ರೋಲಿಗೆ ಊರೆಲ್ಲ ಸಾಲು ನಿಂತಿತು. ಹುರಿಗಡಲೆ ಬಟಾಣಿಯಾಯಿತು, ಬಟಾಣಿ ಹುಣಸೆಬೀಜವಾಯಿತು. ಡಾಕ್ಟರರು ಆಸ್ಪತ್ರೆಯ ಕಾರಿಡಾರಿನಲ್ಲಿ ದಿನಾ ಎದುರಾಗುತ್ತಿದ್ದರು. ಗುಡ್ ಮಾರ್ನಿಂಗ್ ಹೇಳಿ ಮುಂದೆ ಹೋಗುತ್ತಿದ್ದಳು. ಈ ಹೆಣ್ಣುಮಗಳ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಏನು ಮಾಡಲಿ.

ಮೇ ತಿಂಗಳ ಕೊನೆಯ ರಜೆಗೆ ಮೂವರೂ ಷಿಕಾಗೋ ಕಡೆಗೆ ಡ್ರೈವ್ ಮಾಡಿಕೊಂಡು ಹೋದರು, ಇನ್ನೂರೆಂಬತ್ತು ಮೈಲಿ. ನೇಪರ್‌ವಿಲ್‌ನಲ್ಲಿ ಶಾಂತವ್ವನ ಮಗನ ಮನೆ. ಆರೇಳು ಕನ್ನಡ ಕ್ರೈಸ್ತ ಕುಟುಂಬಗಳು ವರ್ಷಕ್ಕೆರಡು ಸಲ ಅಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದವು. ಶಾಂತವ್ವ ಎಪ್ಪತ್ತು ದಾಟಿದ ವಿಧವೆ. ಊರಲ್ಲಿ ಮೂವತ್ತು ವರ್ಷ ಮಿಷನ್ ಆಸ್ಪತ್ರೆಯ ಮಂಚದಿಂದ ಮಂಚಕ್ಕೆ ಹೋಗಿ ರೋಗಿಗಳಿಗೆ ಬೈಬಲ್ ಓದಿ ಹೇಳಿದವಳು. ರೇಣು ಅವಳ ತೊಡೆಯೇರಿ, ತನ್ನ ಹತ್ತಿರ ಹನ್ನೆರಡನೇ ವರ್ಷದ ತನಕ ಹಾಕಿಕೊಳ್ಳುವ ಫ್ರಾಕುಗಳಿವೆ ಎಂದು ಹೆಮ್ಮೆಯಿಂದ ಹೇಳಿತು. ಮುದುಕಿಯ ನಗು ಅಲ್ಲೇ ನಿಂತಿತು. ನೀಲಮ್ಮನನ್ನು ಅಡುಗೆಮನೆಗೆ ಕರೆದು ರೊಟ್ಟಿ ಬಡಿಯಲು ಕೂರಿಸಿ ಬಾಗಿಲು ಮುಂದಕ್ಕೆ ಎಳೆದಳು.

"ಎಲ್ಲಿಗೆ ಹೊಂಟೀಯವ್ವಾ ಮಗಳನ್ನ ಬಿಟ್ಟು?"

ಇಷ್ಟೇ ಕೇಳಿದ್ದು. ಎಂಟು ತಿಂಗಳು ಬಾಯಿ ಬಿಡದವಳು ಹಿಟ್ಟಿನ ಕೈಯಲ್ಲೇ ಸೆರಗು ಸರಿಸಿ ಗಂಟು ತೋರಿಸಿದಳು. ಬೆರಳು ಬಿದ್ದ ವಚನವನ್ನೂ ಹೇಳಿದಳು.

"ಮುಂದ ಓದಿದೇನ?"

"ಇಲ್ಲಬೇ. ಓದಬಾರದು."

"ಯಾರ್ ಹೇಳಿದ್ರು ಓದಬಾರದಂತ? ನಿಮ್ಮವ್ವ ಬೆಟಗೇರಿಯಿಂದ ಕಾಗದ ಬರದ್ರ ಕಣ್ಣ ಮುಚ್ಚಿ ಒಂದ ಸಾಲು ಓದಿ ಮಡಿಚಿ ಇಡತೀಯೇನ?"

"ಇಲ್ಲ."

"ಮತ್ತ ದೇವರ ಕಾಗದಕ್ಕ ಯಾಕ ಈ ಗತಿ ತಂದಿ?"

ಶಾಂತವ್ವ ತನ್ನ ಬೈಬಲ್ ತಂದು, ಕನ್ನಡಕ ಏರಿಸಿ, ಆ ಅಧ್ಯಾಯವನ್ನು ಮೊದಲಿನಿಂದ ಓದಿದಳು. ಸಾಯುತ್ತೀ ಎಂದು ಹೇಳಿಸಿಕೊಂಡ ರಾಜ ಗೋಡೆಯ ಕಡೆ ಮುಖ ತಿರುಗಿಸಿ ಬಿಕ್ಕಿ ಬಿಕ್ಕಿ ಅತ್ತಿದ್ದ. ದೇವರು ಅವನ ಕಣ್ಣೀರು ಕಂಡು ಹದಿನೈದು ವರ್ಷ ಕೂಡಿಸಿ ಕೊಟ್ಟಿದ್ದ. ಹುಣ್ಣಿಗೆ ಅಂಜೂರ ಅರೆದು ಕಟ್ಟಿ ಎಂದು ಹೇಳಿದವನು ಅದೇ ಪ್ರವಾದಿ. ಎಂಟು ತಿಂಗಳು ಅವಳನ್ನು ಹೂತಿಟ್ಟ ಮಾತಿನ ಕೆಳಗೇ ಇದೆಲ್ಲ ಇತ್ತು.

"ಔಷಧ ಮಾಡ್ರಿ ಅಂತ ಹೇಳಿದ್ದೂ ಅವನ. ನೀ ನರ್ಸ್ ಆಗಿ ಸುಮ್ನ ಕುಂತೀದಿ."

ನೀಲಮ್ಮನ ಕಣ್ಣಲ್ಲಿ ಆಸೆ ಮಿನುಗಿತು. "ಹಂಗಾದ್ರ ನನಗೂ ಹದಿನೈದ ವರ್ಷ ಸಿಗತಾವೇನಬೇ?"

"ನೋಡು, ಮತ್ತ ಚೀಟಿ ಎತ್ತಾಕತ್ತಿ!" ಮುದುಕಿ ಗದರಿದಳು. ಆಮೇಲೆ ಅವಳ ಹಿಟ್ಟಿನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. "ನನಗ ಗೊತ್ತಿಲ್ಲವ್ವಾ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ದನ ನಡೀಬೇಕು. ದೇವರು ಜೋಡಿ ಬರತೀನಿ ಅಂದಾನ, ಎಷ್ಟ ದೂರ ಅಂತ ಹೇಳಿಲ್ಲ. ಗಂಡಗ ಇವತ್ತ ಹೇಳು."

ವಾಪಸು ಬರುವಾಗ ಕಾರಿನಲ್ಲಿ ಹೇಳಿದಳು. ಸಮಾಧಾನಪ್ಪ ಹೆದ್ದಾರಿಯ ಅಂಚಿಗೆ ಕಾರು ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿ ಕುಳಿತ. ಅವಳ ಅಡುಗೆ ಪಾಠಕ್ಕೆ ಅವನು ನಕ್ಕಿದ್ದ. ಅದನ್ನು ನೆನೆಸಿಕೊಂಡು ತನ್ನನ್ನೇ ಬೈದುಕೊಂಡ.

"ಮೊದಲು ಯಾವಾಗ ಗೊತ್ತಾಯಿತು?" ಎಂದು ಡಾಕ್ಟರು ಕೇಳಿದರು. ಈ ಪ್ರಶ್ನೆಯನ್ನು ನೀಲಮ್ಮ ಎಷ್ಟೋ ಹೆಂಗಸರಿಗೆ ಕೇಳಿದ್ದಳು, ತಡಮಾಡಿದವರನ್ನು ಗದರಿಸಿಯೂ ಇದ್ದಳು. "ಅಕ್ಟೋಬರ್," ಎಂದಳು. ಅವರು ಬರೆದುಕೊಂಡರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಆ ಕಾಲದಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿಸುತ್ತಿದ್ದರು. ಅರಿವಳಿಕೆ ಕೊಟ್ಟ ಮೇಲೆ ಗಂಟಿನ ಚೂರು ತೆಗೆದು ನೋಡುವುದು, ಕೆಟ್ಟದ್ದಾದರೆ ಎಬ್ಬಿಸದೆ ಇಡೀ ಎದೆಯನ್ನೇ ತೆಗೆಯುವುದು. ಎಚ್ಚರವಾದಾಗಲೇ ಗೊತ್ತಾಗಬೇಕು. ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ ದಿಂಬಿನ ಪಕ್ಕದಲ್ಲಿ ಬೈಬಲ್ ಇತ್ತು. ನೀಲಮ್ಮನ ಕೈ ಅದರತ್ತ ಹೋಯಿತು, ಕಣ್ಣೂ ತಾನಾಗಿ ಮುಚ್ಚಿತು. ಒಂದೇ ಒಂದು ಸಲ, ಇದೇ ಕೊನೆ ಎಂದು ಒಳಗೊಂದು ದನಿ ಗೋಗರೆಯುತ್ತಿತ್ತು. ಎಷ್ಟು ಹೊತ್ತು ಹಾಗಿದ್ದಳೋ. ಕಡೆಗೆ ಪುಸ್ತಕವನ್ನು ಗಂಡನ ಕೈಗೆ ತಳ್ಳಿ, "ನೀವ ಓದ್ರಿ. ಮೊದಲಿಂದ," ಎಂದಳು. ಅವನು ಓದುತ್ತಿರುವಾಗಲೇ ಸ್ಟ್ರೆಚರ್ ಬಂತು.

ಎಚ್ಚರವಾದಾಗ ಎದೆಯ ಮೇಲೆ ಭಾರವಾದ ಪಟ್ಟಿ. ಮುಚ್ಚಿದ ಕಣ್ಣಲ್ಲೇ ತಡವಬಹುದಿತ್ತು. ಅವಳು ಕಣ್ಣು ತೆರೆದು, ತಲೆ ಎತ್ತಿ ನೋಡಿದಳು. ಎಡಗಡೆ ಸಪಾಟಾಗಿತ್ತು. ಆಗ ಗೋಡೆಯ ಕಡೆ ತಿರುಗಿ, ಎಂಟು ತಿಂಗಳ ಅಳುವನ್ನೆಲ್ಲ ಅತ್ತಳು.

ಕಂಕುಳ ಕೆಳಗಿನ ಎರಡು ಗ್ರಂಥಿಗಳಿಗೂ ರೋಗ ತಾಗಿತ್ತು. ಬೇಗ ಬಂದಿದ್ದರೆ ತಾಗುತ್ತಿರಲಿಲ್ಲವೇನೋ. ಆ ಏನೋ ಎಂಬುದು ಅವಳನ್ನು ಬಿಟ್ಟು ಹೋಗಲಿಲ್ಲ. ಆರು ತಿಂಗಳಿಗೊಮ್ಮೆ ಪರೀಕ್ಷೆ. ಆ ವಾರ ಬಂತೆಂದರೆ ಊಟ ಸೇರದು, ಬೆರಳು ತುರಿಸುತ್ತದೆ. ಎರಡು ಸಲ ಸೋತು ಬೆರಳಿಟ್ಟಿದ್ದೂ ಉಂಟು. ಶಾಂತವ್ವನಿಗೆ ಫೋನ್ ಮಾಡಿ ಒಪ್ಪಿಕೊಂಡಳು. "ಬಿದ್ದೀ, ಏಳು. ಎಲ್ಲಿ ತನಕ ಓದಿದ್ದಿ? ಅಲ್ಲಿಂದ ಮುಂದ ಓದು," ಎಂದಳು ಮುದುಕಿ.

1979ರ ಶರತ್ಕಾಲದಲ್ಲಿ, ಮತ್ತೊಂದು ಪರೀಕ್ಷೆಯ ಹಿಂದಿನ ದಿನ, ರೇಣು ಪೆಟ್ಟಿಗೆಯ ತಳದಿಂದ ಕೊನೆಯ ಫ್ರಾಕನ್ನು ತೆಗೆದು ಹಾಕಿಕೊಂಡು ಬಂದಳು. ಅವಳಿಗೆ ಹನ್ನೆರಡು ತುಂಬಿತ್ತು. ಈ ದೇಶದ ಹಾಲು ಕುಡಿದು ಅವ್ವನ ಲೆಕ್ಕ ಮೀರಿ ಬೆಳೆದಿದ್ದಳು. ಫ್ರಾಕು ಮೊಣಕಾಲಿನ ಮೇಲೆಯೇ ನಿಂತಿತ್ತು. "ಅವ್ವಾ, ಇಟ್ಸ್ ಟೂ ಶಾರ್ಟ್!" ಎಂದಳು.

ನೀಲಮ್ಮ ಮಗಳನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ನಾಳೆ ಡಾಕ್ಟರು ಏನು ಹೇಳುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಸೂಜಿ ದಾರ ತೆಗೆದುಕೊಂಡು ನೆಲದ ಮೇಲೆ ಕುಳಿತು, ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು, ಒಳಗೆ ಮಡಿಚಿದ್ದ ಅಂಚನ್ನು ಇಳಿಬಿಡಲು ಹೊಲಿಗೆ ಬಿಚ್ಚತೊಡಗಿದಳು.