ಪರದೆಯ ಮೇಲೆ ಕೂಗಿದ ಭೋಂಗಾ

ಪರದೆಯ ಮೇಲೆ ಸೈರನ್ ಕೂಗಿದ್ದೇ ತಡ, ನನ್ನ ಪಕ್ಕದಲ್ಲಿ ಕುಳಿತಿದ್ದ ಅಂಬೇವಾಡಿಯ ಗಂಗಕ್ಕ ದಡಬಡಿಸಿ ಎದ್ದು ನಿಂತರು. "ಅಯ್ಯ, ಭೋಂಗಾ ಆತಲ್ಲ, ಡಬ್ಬಿ ಕಟ್ಟಬೇಕು!" ಹಿಂದಿನವರು ನಕ್ಕರು. ಗಂಡ ಪೇಪರ್ ಮಿಲ್ಲಿನಿಂದ ನಿವೃತ್ತರಾಗಿ ವರ್ಷಗಳಾದರೂ ಪಾಳಿಗೆ ಕರೆಯುವ ಆ ಕೂಗಿಗೆ ಅವರ ಕಾಲು ತಾನಾಗಿ ಏಳುತ್ತದೆ.

ದಾಂಡೇಲಿಯ ಚಿತ್ರೋತ್ಸವದಲ್ಲಿ ಅಂದು ಬೇರೆ ಬೇರೆ ದೇಶಗಳ ಕಿರುಚಿತ್ರಗಳಿದ್ದವು. ಈ ಚಿತ್ರ ಯುದ್ಧದ್ದು. ಸೈರನ್ ಕೇಳಿದ ತಾಯಿಯೊಬ್ಬಳು ಒಲೆಯ ಮೇಲಿನ ಅಡುಗೆ ಬಿಟ್ಟು, ಮಗುವನ್ನು ಎತ್ತಿಕೊಂಡು ನೆಲಮಾಳಿಗೆಗೆ ಓಡಿದಳು. ಗಂಗಕ್ಕ ಮೆಲ್ಲಗೆ ಕುಳಿತು ನನ್ನ ಕೈ ಹಿಡಿದರು. "ತಂಗಿ, ಅಲ್ಲಿ ಭೋಂಗಾ ಆದ್ರ ಉಣ್ಣೂದು ಬಿಟ್ಟು ಓಡಬೇಕೇನವಾ?"

ಮರುದಿನ ಮಿಲ್ಲಿನ ಭೋಂಗಾ ಕೂಗಿದಾಗ ನನ್ನವರ ಡಬ್ಬಿಗೆ ರೊಟ್ಟಿ ಇಡುತ್ತಿದ್ದೆ. ಕೈ ಅಲ್ಲೇ ನಿಂತಿತು. ಆ ತಾಯಿಯ ಒಲೆಯ ಮೇಲಿದ್ದ ಅಡುಗೆಯನ್ನು ಯಾರಾದರೂ ಉಂಡರೋ, ಇಲ್ಲವೋ.