ಅಕ್ಕನಿಗೆ ತಂದ ಕಾವಿನ ಮೊಟ್ಟೆ

ಪೇಟೆಯಿಂದ ಬಂದ ಯಾರೋ ಒಬ್ಬರು ಒಮ್ಮೆ ನನ್ನ ದೊಡ್ಡವ್ವ ಮರಿತಾಯಮ್ಮನ ಕೋಳಿಗಳನ್ನು ನೋಡಿ, "ಇವು ಬಿಡಾಡಿ ಕೋಳಿಗಳಾ?" ಎಂದು ಕೇಳಿಬಿಟ್ಟರು. ಅವತ್ತು ಅವರಿಗೆ ಆದ ಮಂಗಳಾರತಿ ಅಷ್ಟಿಷ್ಟಲ್ಲ. "ಬಿಡಾಡಿ ನಿಮ್ಮಪ್ಪ! ನನ್ ಕೋಳಿ ನಾನ್ ಏಳಿದ್ ಜಾಗ್ದಲ್ಲಿ ಮೇಯ್ತವೆ, ನಾನ್ ಕರದ್ರೆ ಬತ್ತವೆ. ನಿಮ್ಮನೆ ಮಕ್ಳು ಬತ್ತವಾ?" ಎಂದಳು. ಮಾತು ಒರಟಾದರೂ ಹೇಳಿದ್ದು ನಿಜವೇ.

ದೇವನೂರಿಗೆ ಹೋಗುವ ದಾರಿಯಲ್ಲಿ, ನಾಲೆಯ ಈಚೆಗೆ, ಅವಳದು ಅರ್ಧ ಎಕರೆ ಹೊಲ. ಹಳೇ ಸೀರೆಗಳನ್ನು ಗೂಟಕ್ಕೆ ಕಟ್ಟಿ ಆ ಹೊಲವನ್ನು ತುಂಡು ತುಂಡಾಗಿ ಮಾಡಿಕೊಂಡಿದ್ದಳು. ಒಂದು ತುಂಡಿನ ಹುಲ್ಲು, ಹುಳ, ಉದುರಿದ ಕಾಳು ಪೂರ್ತಿ ತೀರುವ ಮುಂಚೆಯೇ ಕೋಳಿಗಳನ್ನು ಮುಂದಿನ ತುಂಡಿಗೆ ಹೊಡೆಯುವಳು. ಬಿದಿರಿನ ಗೂಡೂ ಜೊತೆಗೆ ಹೋಗಬೇಕು. ಆ ಕಡೆ ಅವಳು, ಈ ಕಡೆ ಪಕ್ಕದ ಹೊಲದ ಮಾದು ಹಿಡಿದು ಎತ್ತಿ ಇಡುವರು. ಬಿಟ್ಟುಹೋದ ತುಂಡಿನಲ್ಲಿ ಕೋಳಿ ಕೆದಕಿದ ಮಣ್ಣು, ಕೋಳಿ ಹಾಕಿದ ಗೊಬ್ಬರ. ಅಲ್ಲಿ ಅವರೆಯನ್ನೋ ದಂಟಿನ ಸೊಪ್ಪನ್ನೋ ಚೆಲ್ಲಿದರೆ ಸಾಕು, ಕಿತ್ತುಕೊಂಡು ಬರುತ್ತಿತ್ತು. ಮರಿಗಳಿಗೆಂದು ಒಡಕು ಮಡಕೆಗೆ ಸಗಣಿ, ಹರಿದ ಗೋಣಿ ತುರುಕಿ ನೀರು ಚಿಮುಕಿಸಿ ಬೋರಲು ಹಾಕುವಳು. ಬೆಳಿಗ್ಗೆ ಎತ್ತಿದರೆ ತುಂಬ ಗೆದ್ದಲು. ಮರಿಗಳು ಅದಕ್ಕೆ ಮುಗಿಬೀಳುವಾಗ ಸೊಂಟದ ಮೇಲೆ ಕೈಯಿಟ್ಟು ನಿಂತು, "ತಿನ್ನಿ, ತಿನ್ನಿ, ಅಂಗಡಿ ಮೇವು ತಿಂದೋನು ಆಸ್ಪತ್ರೆಗೆ ಓಯ್ತಾನೆ" ಅನ್ನುವಳು.

ಆ ಕೋಳಿಗಳು ಅವಳಿಗೆ ಸುಮ್ಮನೆ ಬಂದವಲ್ಲ. ಮದುವೆಯಾಗಿ ಬರುವಾಗ ನನ್ನ ಅಜ್ಜಿ ಕಂಕುಳಿಗೆ ಕೊಟ್ಟು ಕಳಿಸಿದ ಒಂದು ಹೇಂಟೆಯ ವಂಶ. ಕೆಂಪು ಮೈ, ಕರಿ ಕತ್ತು, ಗಿಡ್ಡ ಕಾಲು. ಆಕಾಶದಲ್ಲಿ ಹದ್ದು ಸುಳಿದರೆ ತಾಯಿಕೋಳಿ ಒಂದೇ ಸದ್ದು ಮಾಡುವುದು, ಮರಿಗಳೆಲ್ಲ ಬೇಲಿ ಬುಡ ಸೇರಿರುವವು. ಹಾಗೆ ಬಯಲಲ್ಲಿ ಮರಿ ಉಳಿಸಿಕೊಳ್ಳುವ ಬುದ್ಧಿ ಎಲ್ಲ ಕೋಳಿಗೂ ಇರುವುದಿಲ್ಲ. ಅಜ್ಜಿ ಸತ್ತು ಎಷ್ಟೋ ಕಾಲವಾಗಿತ್ತು. ಅವಳದು ಅಂತ ಉಳಿದಿದ್ದು ಈ ಕೋಳಿಯೊಂದೇ.

ಇನ್ನು ನನ್ನ ಅವ್ವನ ಮಾತು. ಹೆತ್ತವಳ ಬಗ್ಗೆ ಹೀಗೆ ಬರೆಯಬಾರದು ಎನ್ನುವವರು ಎದ್ದು ಹೋಗಬಹುದು. ಅವ್ವ ಚನ್ನಾಜಮ್ಮ ದೊಡ್ಡವ್ವನ ಒಬ್ಬಳೇ ತಂಗಿ, ಇರುವುದು ತಿ. ನರಸೀಪುರದಾಚೆಯ ಹಳ್ಳಿಯಲ್ಲಿ. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಆಗ ದೊಡ್ಡವ್ವ ಮಂಕರಿ ಹೊತ್ತು ಬಂದು ಎರಡು ಹೇಂಟೆ, ಒಂದು ಹುಂಜ ಅಂಗಳದಲ್ಲಿ ಬಿಟ್ಟಳು. "ದಾನ ಅಲ್ಲ ಕಣೆ ಚನ್ನಿ, ಪಾಲಿಗೆ ಕೊಟ್ಟಿವ್ನಿ. ಮರಿ ಆದಾಗ ಅರ್ಧ ನಂದು" ಅಂದಳು. ಪಾಲಿಗೆ ಕೊಟ್ಟವರು ಪಾಲು ಕೇಳಲು ಬರಬೇಕಲ್ಲ? ದೊಡ್ಡವ್ವ ಬರುತ್ತಿದ್ದಳು, ಉಣ್ಣುತ್ತಿದ್ದಳು, ಬರಿಗೈಲಿ ಹೋಗುತ್ತಿದ್ದಳು. ಆ ಕೋಳಿಗಳ ಮೊಟ್ಟೆಯ ಮೇಲೆ ನಾನು ಹತ್ತನೇ ಕ್ಲಾಸು ಮುಗಿಸಿದೆ. ಆಮೇಲೆ ನನ್ನನ್ನು ದೊಡ್ಡವ್ವನ ಊರಿಗೇ ಮದುವೆ ಮಾಡಿಕೊಟ್ಟರು. ಈಗ ನಂಜನಗೂಡಿನ ಗಾರ್ಮೆಂಟ್ಸಿಗೆ ಹೋಗಿಬರುತ್ತೇನೆ.

ಹೋದ ಯುಗಾದಿ ಕಳೆದು ಬಿಸಿಲು ಏರುತ್ತಿದ್ದಂತೆ ಊರಿಗೆ ಕೊಕ್ಕರೆ ರೋಗ ಬಂತು. ಆ ಸಲ ಲಸಿಕೆ ಹಾಕಿಸುವುದು ತಪ್ಪಿಹೋಗಿತ್ತು. ಕೋಳಿಗಳು ಕತ್ತು ತಿರುಚಿಕೊಂಡು, ಹಸಿರು ಕಕ್ಕ ಮಾಡುತ್ತಾ ಬಿದ್ದವು. ದೊಡ್ಡವ್ವನ ಗೂಡಿನಲ್ಲಿ ಒಂದೂ ಉಳಿಯಲಿಲ್ಲ. ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚುವಾಗ ನಾನು ಗೊಳೋ ಎಂದು ಅತ್ತೆ. ಅವಳು ಅಳಲಿಲ್ಲ. "ಯಾಕವ್ವ ಅಳ್ತೀಯೆ? ನನ್ ತಂಗಿ ಮನೇಲಿ ಮಂದೆನೇ ಅದೆ" ಅಂದಳು.

ಅವತ್ತೇ ನನ್ನ ಫೋನಿನಿಂದ ಅವ್ವನಿಗೆ ಮಾತಾಡಿದಳು. "ನಾನೇ ಬತ್ತೀನಿ, ಒಂದ್ ಜೋಡಿ ಇಡ್ಕೊಂಡ್ ಓಯ್ತೀನಿ" ಅಂದರೆ ಅವ್ವ, "ಬ್ಯಾಡ ಕಣಕ್ಕ, ರೋಗ ಬಂದ್ ಜಾಗ, ತಂದ್ರೆ ಅವೂ ಸಾಯ್ತವೆ. ಮೊಟ್ಟೆ ತತ್ತೀನಿ, ಕಾವಿಗೆ ಮಡಗು. ಈ ಬಿಸಿಲಲ್ಲಿ ನೀ ಯಾಕ್ ಅಲೀತೀಯೆ" ಅಂದಳು. ಎಷ್ಟು ಒಳ್ಳೆಯ ಮಾತು! ನನ್ನವ್ವನಿಗೆ ಅಕ್ಕನ ಮೇಲೆ ಎಷ್ಟು ಕರುಳು ಅಂದುಕೊಂಡೆ. ಅದೇ ವಾರ ಸುತ್ತೂರಿನ ಮೇಲೆ ಬರುವ ಬಸ್ಸಿನಲ್ಲಿ, ಬಿದಿರು ಪುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿಳಿದಳು. ಹೊಟ್ಟಿನ ನಡುವೆ ಕಂದು ಮೊಟ್ಟೆಗಳು. ದೊಡ್ಡವ್ವ ಒಂದನ್ನು ಕೈಲಿ ಹಿಡಿದು, "ದಪ್ಪ ಆಗವಲ್ಲೇ ಚನ್ನಿ!" ಎಂದಳು.

"ರಾಗಿ ಆಕ್ತೀನಿ ಕಣಕ್ಕ, ಅದ್ಕೆ" ಎಂದಳು ಅವ್ವ.

ತಂಗಿ ಕೋಳಿಯನ್ನು ತನಗಿಂತ ಚೆನ್ನಾಗಿ ನೋಡಿಕೊಂಡಿದ್ದಾಳೆ ಎಂದು ದೊಡ್ಡವ್ವನಿಗೆ ಹಿಗ್ಗೋ ಹಿಗ್ಗು. ಅವ್ವನನ್ನು ಬಸ್ಸು ಹತ್ತಿಸಿ ಬಂದು, ಕೇರಿಯಲ್ಲಿ ರೋಗಕ್ಕೆ ಸಿಗದೆ ಉಳಿದು ಕಾವಿಗೆ ಬಂದಿದ್ದ ಒಂದು ಬಿಳಿ ಕೋಳಿಯನ್ನು ಎರವಲು ತಂದು, ಮನೆಯೊಳಗಿನ ಕತ್ತಲೆ ಮೂಲೆಯಲ್ಲಿ ಆ ಮೊಟ್ಟೆಗಳ ಮೇಲೆ ಕೂರಿಸಿದಳು. ಮರಿಗಳಿಗೆಂದು ಹೊಸ ಗೂಡು ಹೆಣೆಸಿದಳು, ಮಡಕೆಗೆ ಸಗಣಿ ತುಂಬಿದಳು. "ಕೂಸು ಉಟ್ಟೋಕ್ ಮುಂಚೆ ಕುಲಾವಿ ಒಲಿಸ್ದಂಗಾಯ್ತು ನಿನ್ ಕತೆ" ಎಂದು ಮಾದು ರೇಗಿಸಿದರೆ, "ನೀನ್ ಮುಚ್ಕೊಂಡ್ ಗೂಡ್ ಇಡ್ಕೊಳಲಾ" ಅಂದಳು.

ವಾರವಾದ ಮೇಲೆ ಮೊಟ್ಟೆ ನೋಡುವ ಪದ್ಧತಿ. ಬೆಳಕಿಗೆ ಅಡ್ಡ ಹಿಡಿದರೆ ಒಳಗೆ ಜೇಡನ ಕಾಲಿನಂಥ ಕೆಂಪು ಎಳೆ ಕಾಣಬೇಕು. ಹಾಗಿದ್ದರೆ ಜೀವ ಕಟ್ಟಿದೆ. ನಾನು ಫೋನಿನ ಟಾರ್ಚು ಹಾಕಿದೆ. ಮೊದಲನೆಯದು ಖಾಲಿ. ಎರಡನೆಯದೂ ಖಾಲಿ. ಎಲ್ಲದರೊಳಗೂ ಬರೀ ತಿಳಿ ಹಳದಿ.

"ನನ್ ಕಣ್ಣೇ ಮಂಜಾಗವೆ" ಎಂದಳು ದೊಡ್ಡವ್ವ.

"ನಂಗೂ ಏನೂ ಕಾಣ್ತಿಲ್ಲ ದೊಡ್ಡವ್ವ."

"ಬಟ್ಟೆ ಒಲಿಯೋಳ್ಗೆ ನಿಂಗೇನ್ ಗೊತ್ತು, ಸುಮ್ನಿರು."

ಬಾಗಿಲಲ್ಲಿ ಮಾದು ನಿಂತಿದ್ದ. ದೊಡ್ಡವ್ವನಿಂದಲೇ ಹೋದ ವರ್ಷ ಒಯ್ದಿದ್ದ ಒಂದು ಹೇಂಟೆ, ಒಂದು ಹುಂಜ ಅವನ ಹತ್ತಿರ ಇದ್ದವು. ಅವನ ಮನೆ ನಾಲೆಯಾಚೆ. ರೋಗ ಅಲ್ಲಿಗೆ ಹೋಗಿರಲಿಲ್ಲ. "ಅಕ್ಕೋ, ಆ ಮೊಟ್ಟೆ ಸುಳ್ಳು ಅನ್ನುಸ್ತದೆ. ಬಾನ್ವಾರ ಬೀಗ್ರು ಬತ್ತಾವ್ರೆ, ಆ ಜೋಡಿ ಕುಯ್ಯೋಣ ಅಂತಾವ್ಳೆ ನನ್ನೆಂಡ್ರು. ನಿಂಗ್ ಬೇಕಂದ್ರೆ ಮಡಿಕೊ. ನಾನ್ ಪೇಟೆಯಿಂದ ಫಾರಂ ಕೋಳಿ ತತ್ತೀನಿ" ಅಂದ.

ದೊಡ್ಡವ್ವನಿಗೆ ರೇಗಿಹೋಯಿತು. "ಸುಳ್ಳು ಅಂದ್ರೆ ಏನ್ಲಾ ಅರ್ಥ? ನನ್ ಒಡುಟ್ಟಿದೋಳು ಬಸ್ಸಲ್ಲಿ ತೊಡೆ ಮೇಲ್ ಮಡಿಕೊಂಡ್ ತಂದವ್ಳೆ. ಓಗು, ಬೀಗ್ರಿಗ್ ಒಳ್ಳೆ ಕೋಳಿ ಕುಯ್ಯಿ. ಮಾನ ಉಳಿಸ್ಕೊ."

ಮಾದು ಹೋದ. ಭಾನುವಾರ ನಾಲೆಯಾಚೆಯಿಂದ ಮಸಾಲೆಯ ಘಮ ನಮ್ಮ ಮನೆಯವರೆಗೂ ಬಂತು. ಬೀಗರು ಬಾಯಿ ಚಪ್ಪರಿಸಿ ಹೊಗಳಿದರಂತೆ.

ಬಿಳಿ ಕೋಳಿ ಕೂತೇ ಇತ್ತು. ಅವಧಿ ಮುಗಿಯಿತು, ಚಿಪ್ಪು ಬಿರಿಯಲಿಲ್ಲ. ಆಮೇಲೂ ಕೂತಿತ್ತು. ಕಾಳು ಮುಂದಿಟ್ಟರೂ ಏಳದು. ಎದೆಮೂಳೆ ಕೈಗೆ ಸಿಗುವಷ್ಟು ಸವೆದಿತ್ತು. ಕೊನೆಗೆ ದೊಡ್ಡವ್ವ ಅದನ್ನು ಎತ್ತಿ ಹೊರಗೆ ಬಿಟ್ಟು, ಮೊಟ್ಟೆಗಳನ್ನು ತಿಪ್ಪೆಯ ಬಳಿ ಒಂದೊಂದಾಗಿ ಒಡೆದಳು. ಒಂದರಲ್ಲೂ ರಕ್ತದ ಹನಿಯಿಲ್ಲ. ಹುಂಜದ ಸಂಗವೇ ಇಲ್ಲದ ಕೋಳಿಯ ಮೊಟ್ಟೆ ಹಾಗಿರುತ್ತದೆ, ಸಾಲು ಪಂಜರದ ಫಾರಂ ಮೊಟ್ಟೆ. ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೈ ತೊಳೆದುಕೊಂಡು ಬಂದು, "ನಾಳೆ ರಜ ಆಕು. ನಿಮ್ಮವ್ವನ್ ಊರ್ಗ್ ಓಗ್ಬೇಕು" ಅಂದಳು.

ನಾವು ಹೋದಾಗ ಅವ್ವ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ನಮ್ಮನ್ನು ನೋಡಿ ಎದ್ದವಳು ಎದ್ದಂತೆಯೇ ನಿಂತಳು. ಹಿತ್ತಿಲಿಗೆ ಹೋಗಿ ನೋಡುವ ಅಗತ್ಯವೇ ಇರಲಿಲ್ಲ. ಕೋಳಿ ಕೆದಕಿ ಕೆದಕಿ ಬೋಳಾಗಿರುತ್ತಿದ್ದ ಅಂಗಳದ ಅಂಚಿನಲ್ಲಿ ಮೊಣಕಾಲೆತ್ತರ ಹುಲ್ಲು ಬೆಳೆದಿತ್ತು. ಗೂಡಿನೊಳಗೆ ಸೌದೆ ಒಟ್ಟಿತ್ತು.

"ಯಾವಾಗ ಚನ್ನಿ?" ದೊಡ್ಡವ್ವನ ದನಿ ಏರಲೇ ಇಲ್ಲ.

"ವರ್ಸತೊಡ್ಕಿಗೆ" ಎಂದಳು ಅವ್ವ ನೆಲ ನೋಡುತ್ತಾ. ಯುಗಾದಿಯ ಮಾರನೆಯ ದಿನ ಮನೆಮನೆಯಲ್ಲೂ ಬಾಡೂಟ. ನಾಟಿಕೋಳಿಗೆ ಜನ ಮುಗಿಬೀಳುವ ದಿನ. "ಯಾಪಾರದೋನು ಗಾಡಿ ತಂದ. ದಿನಾ ಗೂಡ್ ಗುಡ್ಸಿ ಗುಡ್ಸಿ ನನ್ ಸೊಂಟ ಬಿದ್ದೋಗಿತ್ತು ಕಣಕ್ಕ. ಎಲ್ಲನೂ ಕೊಟ್ಬುಟ್ಟೆ. ನಿಂಗ್ ರೋಗ ಬಂತು ಅಂದಾಗ ಏಳೋಕ್ ಬಾಯೇ ಬರ್ನಿಲ್ಲ. ಬೈತೀಯೆ ಅಂತ ಎದ್ರುಕೊಂಡು... ಅಂಗಡೀಲಿ ಕೆಂಪ್ ಮೊಟ್ಟೆ ತಕ್ಕಂಡ್ ಬಂದೆ."

ಕೋಳೀನ ಕೇಳಿ ಖಾರ ಅರೀತಾರಾ ಅನ್ನುತ್ತಾರೆ. ಕೋಳಿಯನ್ನು ಕೇಳುವುದು ಬೇಡ. ಕೋಳಿ ಕೊಟ್ಟ ಅಕ್ಕನನ್ನಾದರೂ ಕೇಳಬಾರದಿತ್ತೇ? ಮಾರಿದ್ದಕ್ಕಲ್ಲ ನನಗೆ ಸಿಟ್ಟು ಬಂದದ್ದು. ಅಂಗಡಿಯಲ್ಲಿ ನಿಂತು, ನಾಟಿ ಮೊಟ್ಟೆಯಂತೆ ಕಾಣುವ ಸಣ್ಣವನ್ನೇ ಆರಿಸಿ, ಹೊಟ್ಟಿನಲ್ಲಿ ಇಟ್ಟು, ರಾಗಿ ಹಾಕ್ತೀನಿ ಎಂದು ಮುಖ ನೋಡಿ ಹೇಳಿದಳಲ್ಲ, ಅದಕ್ಕೆ. ದಿನಾ ಫೋನಿನಲ್ಲಿ ನನ್ನ ಹತ್ತಿರ, "ಮರಿ ಆದ್ವಾ?" ಎಂದು ಬೇರೆ ಕೇಳುತ್ತಿದ್ದಳು. ನಾನು ಬಾಯಿಗೆ ಬಂದಂತೆ ಅಂದೆ. ಹೆತ್ತವಳು ಅಂತ ನೋಡಲಿಲ್ಲ. ಅವ್ವ ಸೆರಗು ಬಾಯಿಗಿಟ್ಟು ಅತ್ತಳು. ಊರೆಲ್ಲ ಬೈಯುವ ದೊಡ್ಡವ್ವ ಮಾತ್ರ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

"ಎಲ್ಲಾದ್ರೂ ಉಡ್ಕಿ ತಂದ್ಕೊಡ್ತೀನಿ ಅಕ್ಕ. ಕುಂತ್ಕೊ, ಉಂಡ್ಕೊಂಡ್ ಓಗು" ಎಂದು ಅವ್ವ ಕೈ ಹಿಡಿಯಲು ಬಂದಳು. ದೊಡ್ಡವ್ವ ಕೈ ಬಿಡಿಸಿಕೊಂಡು, "ಬಸ್ಸದೆ" ಅಂದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಬಿಸಿಲಲ್ಲೇ ನಿಲ್ದಾಣದಲ್ಲಿ ನಿಂತಿದ್ದೆವು.

ಬಸ್ಸು ಸುತ್ತೂರು ದಾಟಿತು. ನಾನೇ ತಡೆಯಲಾರದೆ, "ಅತ್ತುಬಿಡು ದೊಡ್ಡವ್ವ. ಕೋಳಿ ಹೋದದ್ದಕ್ಕಾದರೂ ಅಳು" ಅಂದೆ.

"ಕೋಳಿ ಓದ್ರೆ ಓಗ್ಲಿ ಕಣವ್ವ" ಅಂದಳು. "ಮಾದು ಜೋಡಿ ಕೊಡ್ತೀನಿ ಅಂತ ಬಾಗ್ಲಲ್ಲಿ ಬಂದ್ ನಿಂತಿದ್ನಲ್ಲ. ಅವ್ನ್ ಮುಂದೆ, ನಂಗ್ ತಂಗಿ ಅವ್ಳೆ ಅಂತ ಅಂದ್ಬುಟ್ನಲ್ಲೇ ನಾನು."

ಆಗ ಅವಳಿಗೆ ಅಳು ಬಂತು.